ಡೀಸಾಲ್ಟರ್: ಡೀಮಲ್ಸಿಫೈಯರ್ ಏರಿಸಿದಷ್ಟೂ ಎಮಲ್ಶನ್ ಗಟ್ಟಿಯಾಗ್ತಾ ಉಂಟು, ಎಂತ ಮಾಡುದು?

ಸುಳ್ಯದವ

ಕ್ರೂಡ್ ಯೂನಿಟ್‌ನಲ್ಲಿ ಕೆಲಸ ಮಾಡಿದವರು ಯಾರಾದ್ರೂ ಇದ್ರೆ ಸ್ವಲ್ಪ ನೋಡಿ. ಯಾವ ರಿಫೈನರಿ ಅಂತ ಮಾತ್ರ ಕೇಳ್ಬೇಡಿ.

ಸಿಂಗಲ್ ಸ್ಟೇಜ್ ಡೀಸಾಲ್ಟರ್ (ಕ್ರೂಡಿಗೆ, ಅಂದ್ರೆ ಕಚ್ಚಾ ಎಣ್ಣೆಗೆ, ನೀರು ಬೆರೆಸಿ ಕರೆಂಟ್ ಕೊಟ್ಟು ಉಪ್ಪು ತೆಗೆಯುವ ಪಾತ್ರೆ). ಮೊದಲು ಗಲ್ಫಿನ ಮೀಡಿಯಂ ಕ್ರೂಡ್ ಓಡ್ತಾ ಇತ್ತು, ತಲೆನೋವೇ ಇರ್ಲಿಲ್ಲ. ಈಗ ಒಂದು ಹೆವಿ ಕ್ರೂಡಿಗೆ ತುಂಬಾ ಲೈಟ್ ಆದ ಪ್ಯಾರಾಫಿನಿಕ್ ಕ್ರೂಡ್ ಬೆರೆಸಿ ಕೊಡ್ತಾ ಇದ್ದಾರೆ. ಅಂದಿನಿಂದ ಗ್ರಿಡ್ (ಒಳಗಿನ ವಿದ್ಯುತ್ ಜಾಲರಿ) ಆಂಪ್ಸ್ ಏರುದು, ವೋಲ್ಟೇಜ್ ಬೀಳುದು, ಇಂಟರ್‌ಫೇಸ್ (ಎಣ್ಣೆ-ನೀರಿನ ಗಡಿ) ಎಲ್ಲುಂಟು ಅಂತಲೇ ಗೊತ್ತಾಗುದಿಲ್ಲ. ಕೆಳಗಿನಿಂದ ಹೋಗುವ ಬ್ರೈನ್ (ಉಪ್ಪುನೀರು) ಕಪ್ಪು. ಒಳಗೆ ಬರುವ ಉಪ್ಪು 40 ಪಿಟಿಬಿ ಹತ್ತಿರ, ಹೊರಗೆ ಹೋಗುದು 4. ನಮಗೆ ಬೇಕಾದದ್ದು 1ರ ಒಳಗೆ.

ಕೆಮಿಕಲ್ ಸಪ್ಲೈ ಮಾಡುವ ಕಂಪನಿಯವರು ಡೀಮಲ್ಸಿಫೈಯರ್ (ಎಣ್ಣೆ-ನೀರು ಬೆರೆತ ಎಮಲ್ಶನ್ ಒಡೆಯುವ ಕೆಮಿಕಲ್) 5 ಪಿಪಿಎಂ ಇದ್ದದ್ದನ್ನು 12ಕ್ಕೆ ಏರಿಸಿದ್ರು. ಸುರುವಿಗೆ ಸ್ವಲ್ಪ ಸರಿಯಾಯ್ತು, ಮತ್ತೆ ಮೊದಲಿಗಿಂತ ಹಾಳು. ಈಗ 15 ಮಾಡುವ ಅಂತಿದ್ದಾರೆ. ಟೆಂಪರೇಚರ್ 118 ಡಿಗ್ರಿ, ವಾಶ್ ವಾಟರ್ (ಉಪ್ಪು ತೊಳೆಯಲಿಕ್ಕೆ ಹಾಕುವ ನೀರು) 5%, ಅದನ್ನು ಬೆರೆಸುವ ಮಿಕ್ಸಿಂಗ್ ವಾಲ್ವಿನಲ್ಲಿ 1.4 ಬಾರ್ ಪ್ರೆಶರ್ ಡ್ರಾಪ್. ಎಂತ ಮಾಡುದು ಮಾರಾಯ್ರೆ?

ಬಾಟಲ್‌ಟೆಸ್ಟ್

ನಾನು ಕೆಮಿಕಲ್ ಸಪ್ಲೈ ಕಡೆಯವನೇ, ಹಾಗಾಗಿ ನನ್ನ ಮಾತನ್ನ ಸ್ವಲ್ಪ ಅನುಮಾನದಿಂದಲೇ ಓದಿ. ಆದರೂ ಹೇಳ್ತೀನಿ: 15ಕ್ಕೆ ಹೋಗಬೇಡಿ.

ನೀರಿನ ಹನಿ ಎಣ್ಣೆಯೊಳಗೆ ಒಂದಕ್ಕೊಂದು ಸೇರದೆ ನಿಲ್ಲೋದಕ್ಕೆ ಕಾರಣ ಅದರ ಸುತ್ತ ಕಟ್ಟಿಕೊಂಡಿರೋ ಪೊರೆ. ಅಸ್ಫಾಲ್ಟೀನ್ (ಕ್ರೂಡಿನ ತೀರಾ ಭಾರವಾದ, ಡಾಂಬರಿನಂಥ ಅಂಶ), ರೆಸಿನ್, ನ್ಯಾಫ್ತೆನಿಕ್ ಆಮ್ಲ, ಜೊತೆಗೆ ಐರನ್ ಸಲ್ಫೈಡ್ ಮತ್ತು ಜೇಡಿಯ ಸಣ್ಣ ಕಣಗಳು, ಎಲ್ಲಾ ಸೇರಿ ಹಾಲಿನ ಮೇಲಿನ ಕೆನೆ ಥರ ಕೂತಿರುತ್ತೆ. ಹೊತ್ತು ಕಳೆದಷ್ಟೂ ದಪ್ಪ ಆಗುತ್ತೆ. ಡೀಮಲ್ಸಿಫೈಯರ್ ಮಾಡೋದು ಇಷ್ಟೆ: ಅಸ್ಫಾಲ್ಟೀನ್‌ಗಿಂತ ಬೇಗ ಹನಿಯ ಮೇಲ್ಮೈಗೆ ಹೋಗಿ, ಅದನ್ನ ಪಕ್ಕಕ್ಕೆ ತಳ್ಳಿ, ತಾನು ಅಲ್ಲಿ ಕೂರುತ್ತೆ. ಆದರೆ ತಾನು ಕಟ್ಟೋ ಪೊರೆ ತೆಳು, ಗಟ್ಟಿ ಇಲ್ಲ. ಎರಡು ಹನಿ ತಾಗಿದರೆ ಒಡೆದು ಒಂದಾಗುತ್ತವೆ.

ಡ್ರಮ್ಮಿನಲ್ಲಿ ಬರೋದು ಒಂದೇ ವಸ್ತು ಅಲ್ಲ. ಎಥಿಲೀನ್ ಆಕ್ಸೈಡ್-ಪ್ರೊಪಿಲೀನ್ ಆಕ್ಸೈಡ್ ಬ್ಲಾಕ್ ಪಾಲಿಮರ್, ಆಲ್ಕೈಲ್‌ಫಿನಾಲ್-ಫಾರ್ಮಾಲ್ಡಿಹೈಡ್ ರೆಸಿನ್‌ಗೆ ಅದೇ ಆಕ್ಸೈಡ್ ಸರಪಳಿ ಕಟ್ಟಿದ್ದು, ಕೆಲವೊಮ್ಮೆ ಪಾಲಿಅಮೀನ್ ಮೂಲದ್ದು, ಎಲ್ಲವನ್ನೂ ಭಾರವಾದ ಆರೊಮ್ಯಾಟಿಕ್ ನ್ಯಾಫ್ತಾದಲ್ಲಿ ಕರಗಿಸಿರ್ತಾರೆ. ಒಂದು ಬೇಗ ನೀರು ಇಳಿಸುತ್ತೆ ಆದರೆ ಎಣ್ಣೆಯಲ್ಲಿ ಚೂರು ನೀರು ಉಳಿಸುತ್ತೆ. ಇನ್ನೊಂದು ನಿಧಾನ, ಆದರೆ ಎಣ್ಣೆ ಚೊಕ್ಕ. ಅದಕ್ಕೇ ಮಿಶ್ರಣ. ಒಂದು ಕ್ರೂಡಿಗೆ ಒಗ್ಗಿದ ಮಿಶ್ರಣ ಇನ್ನೊಂದಕ್ಕೆ ಒಗ್ಗಲೇಬೇಕು ಅಂತಿಲ್ಲ.

ಇನ್ನು ಓವರ್‌ಡೋಸ್. ಇದೂ ಕೊನೆಗೆ ಸರ್ಫ್ಯಾಕ್ಟೆಂಟೇ, ಅಂದ್ರೆ ಸಾಬೂನಿನ ಥರ ಎಣ್ಣೆ-ನೀರಿನ ಗಡಿಯಲ್ಲಿ ಕೂರೋ ವಸ್ತು. ಬೇಕಾದ್ದಕ್ಕಿಂತ ಹೆಚ್ಚು ಹಾಕಿದರೆ ಹೊರಗೆ ಹೋದ ಅಸ್ಫಾಲ್ಟೀನ್ ಜಾಗದಲ್ಲಿ ಇದೇ ಒತ್ತೊತ್ತಾಗಿ ಕೂತು ಹನಿಯನ್ನ ಕಾಯೋಕೆ ಶುರು ಮಾಡುತ್ತೆ. ಬ್ರೈನ್ ಕಪ್ಪಾಗೋದಕ್ಕೆ ಅದೂ ಒಂದು ಕಾರಣ ಇರಬಹುದು. ಹೊಸ ಬ್ಲೆಂಡ್ ಬಂದ ಮೇಲೆ ಬಾಟಲ್ ಟೆಸ್ಟ್ (ಬಾಟಲಿಯಲ್ಲಿ ಕ್ರೂಡ್, ನೀರು, ಕೆಮಿಕಲ್ ಬೆರೆಸಿ ನೋಡೋದು) ಮಾಡಿದ್ರಾ ಇಲ್ವಾ, ಅದು ಹೇಳಿ ಮೊದಲು.

ಲೆಕ್ಕಪತ್ರ

ನಾನು ಕಾಮರ್ಸ್. ಈ ಥ್ರೆಡ್‌ಗೆ ಹೇಗೆ ಬಂದೆ ಅಂತ ಗೊತ್ತಿಲ್ಲ, ಬಂದಾಯ್ತು. ಒಂದು ದಡ್ಡ ಪ್ರಶ್ನೆ. ಎಣ್ಣೆಯಲ್ಲಿರೋ ನೀರು ತೆಗೀಬೇಕು ಅಂತೀರಿ. ಮತ್ತೆ 5% ನೀರು ನೀವೇ ಹಾಕ್ತೀರಿ. ಯಾಕೆ? ಪಿಟಿಬಿ ಅಂದ್ರೆ ಏನು?

ರಸಾಯನ ಮೇಷ್ಟ್ರು

ದಡ್ಡ ಪ್ರಶ್ನೆ ಅಲ್ಲ, ಇದಕ್ಕೆ ಉತ್ತರ ಹೇಳಲಾರದ ಇಂಜಿನಿಯರುಗಳನ್ನು ನೋಡಿದ್ದೇನೆ.

ತೊಂದರೆ ಕೊಡುವುದು ನೀರಿಗಿಂತ ಅದರಲ್ಲಿ ಕರಗಿರುವ ಉಪ್ಪು. ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಕ್ಲೋರೈಡುಗಳು. ಕ್ರೂಡನ್ನು ಫರ್ನೇಸಿನಲ್ಲಿ 350 ಡಿಗ್ರಿ ಆಸುಪಾಸು ಕಾಯಿಸಿದಾಗ ಮೆಗ್ನೀಸಿಯಂ ಕ್ಲೋರೈಡಿನ ಬಹುಪಾಲು, ಕ್ಯಾಲ್ಸಿಯಂ ಕ್ಲೋರೈಡಿನ ಸ್ವಲ್ಪ ಭಾಗ, ಆವಿಯೊಡನೆ ವರ್ತಿಸಿ ಹೈಡ್ರೋಜನ್ ಕ್ಲೋರೈಡ್ ಆಗುತ್ತವೆ. ಸೋಡಿಯಂ ಕ್ಲೋರೈಡ್ ಹೆಚ್ಚೇನೂ ಒಡೆಯುವುದಿಲ್ಲ. ಆ ಅನಿಲ ಕಾಲಮ್ಮಿನ ತುದಿಗೆ ಏರಿ, ಅಲ್ಲಿ ಮೊದಲ ನೀರಿನ ಹನಿ ಮೂಡುವ ಜಾಗದಲ್ಲಿ ಕರಗಿ ಹೈಡ್ರೋಕ್ಲೋರಿಕ್ ಆಮ್ಲವಾಗಿ ಪೈಪು, ಕಂಡೆನ್ಸರುಗಳನ್ನು ತಿನ್ನುತ್ತದೆ.

ಕ್ರೂಡಿನಲ್ಲಿ ಉಳಿದ ಉಪ್ಪುನೀರಿನ ಹನಿಗಳು ತೀರಾ ಸಣ್ಣವು, ಒಂದರಿಂದ ಒಂದು ದೂರ. ಅವಕ್ಕೆ ಒಟ್ಟಾಗುವ ದಾರಿಯೇ ಇಲ್ಲ. ಹೊಸ ನೀರು ಹಾಕಿ ಬೆರೆಸಿದರೆ ಹನಿಗಳ ಸಂಖ್ಯೆ ಹೆಚ್ಚಿ ಹತ್ತಿರವಾಗುತ್ತವೆ, ಉಪ್ಪೂ ತೆಳುವಾಗುತ್ತದೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಇಳಿಸಿಬಿಡುವುದು.

ಪಿಟಿಬಿ ಎಂದರೆ ಸಾವಿರ ಬ್ಯಾರೆಲ್ ಎಣ್ಣೆಯಲ್ಲಿ ಎಷ್ಟು ಪೌಂಡ್ ಉಪ್ಪು ಎಂದು. 1 ಪಿಟಿಬಿ ಲೀಟರಿಗೆ ಸುಮಾರು 2.85 ಮಿಲಿಗ್ರಾಂ. ಅಳತೆಗೆ ನಮ್ಮ ಮಂಗಳೂರಿನ ರಿಫೈನರಿಯನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 3 ಲಕ್ಷ ಬ್ಯಾರೆಲ್. ಅಷ್ಟು ದೊಡ್ಡ ಸ್ಥಾವರಕ್ಕೆ 40 ಪಿಟಿಬಿ ಕ್ರೂಡ್ ಬಂದರೆ ದಿನಕ್ಕೆ 5.4 ಟನ್ ಉಪ್ಪು ಒಳಗೆ ಬಂದಂತೆ. ಡೀಸಾಲ್ಟರಿನಿಂದ 4 ಪಿಟಿಬಿ ದಾಟಿದರೆ ಸುಮಾರು 540 ಕಿಲೋ ಮುಂದೆ ಹೋಯಿತು, 1 ಆದರೆ 136 ಕಿಲೋ.

ಲೆಕ್ಕಪತ್ರ

ದಿನಕ್ಕೆ 540 ಕಿಲೋ ಉಪ್ಪು! ಅರ್ಥ ಆಯ್ತು ಮೇಷ್ಟ್ರೆ. ಇನ್ನು ಸುಮ್ನೆ ಓದ್ತೀನಿ.

ಗದಗ ಎಕ್ಸ್‌ಪ್ರೆಸ್

ನಾ ರಿಟೈರ್ ಆಗೇನ್ರಿ, ಬೋರ್ಡ್ ಮುಂದ ಕುಂತು ಕೂದಲಾ ಬೆಳ್ಳಗಾಗ್ಯಾವ. ಸುಳ್ಯದ ತಮ್ಮಾ, ಕೆಮಿಕಲ್ ಮಾತು ಆಮ್ಯಾಲ. ಮೊದಲ ಆ ಮಿಕ್ಸಿಂಗ್ ವಾಲ್ವ್ ನೋಡು. 1.4 ಬಾರ್ ಯಾಕ ಕೊಟ್ಟೀರಿ? ಉಪ್ಪು ಇಳೀವಲ್ತು ಅಂತ ಯಾರೋ ಹಿಂಡ್ಯಾರ. ಹಿಂಡಿದಷ್ಟೂ ಹನಿ ಸಣ್ಣ ಆಗತಾವ. ಸ್ಟೋಕ್ಸ್ ಸೂತ್ರ ಮರೀಬ್ಯಾಡ್ರಿ, ಹನಿ ಬೀಳೋ ವೇಗ ವ್ಯಾಸದ ವರ್ಗದ ಮ್ಯಾಲ ಐತಿ. 20 ಮೈಕ್ರಾನ್ ಹನಿ 10 ಮೈಕ್ರಾನಿಗೆ ಇಳೀತಂದ್ರ ವೇಗ ನಾಕನೇ ಒಂದ್ ಪಾಲು. ಪುಡಿ ಮಾಡೋರೂ ನೀವ, ಅದನ್ನ ಕೂಡಿಸಾಕ ಕೆಮಿಕಲ್‌ಗೆ ರೊಕ್ಕಾ ಕೊಡೋರೂ ನೀವ!

ಎರಡನೇದ್ದು, 118 ಡಿಗ್ರಿ ಹೆವಿ ಬ್ಲೆಂಡಿಗೆ ಕಮ್ಮಿ. ಪ್ರೀಹೀಟ್ ಎಕ್ಸ್‌ಚೇಂಜರ್ ಬೈಪಾಸ್ ಒಂದೀಟು ಮುಚ್ಚಿ 130 ದಾಟಸ್ರಿ. ಎಣ್ಣಿ ತೆಳ್ಳಗಾಗತೈತಿ. 150ರ ಮ್ಯಾಲ ಹೋಗಬ್ಯಾಡ್ರಿ, ಕ್ರೂಡ್ ಕರೆಂಟ್ ಎಳೀಲಿಕ್ಕೆ ಸುರು ಮಾಡತೈತಿ, ನೀರೂ ಎಣ್ಣ್ಯಾಗ ಹೆಚ್ಚಿಗಿ ಕರಗತೈತಿ.

ಮೂರನೇದ್ದು, ಇಂಟರ್‌ಫೇಸ್ ಎಲ್ಲೈತಿ ಗೊತ್ತಿಲ್ಲಂತೀರಿ. ಟ್ರೈಲೈನ್ (ಬ್ಯಾರೆ ಬ್ಯಾರೆ ಎತ್ತರದಾಗಿನ ಸ್ಯಾಂಪಲ್ ನಳ) ತಗದು ನೋಡೀರೇನು? ಲೆವೆಲ್ ಟ್ರಾನ್ಸ್‌ಮಿಟರ್ ನಂಬಬ್ಯಾಡ್ರಿ, ಎಮಲ್ಶನ್ ದಪ್ಪ ಆದಾಗ ಅದು ಸುಳ್ಳ ಹೇಳತೈತಿ. ಕೆಳಗಿಂದ ಮ್ಯಾಲಿನ ತನಕಾ ಒಂದೊಂದ ಲೈನ್ ತಗದು ಗಾಜಿನ ಸಿಲಿಂಡರ್‌ದಾಗ ಹಿಡದ್ರ ನಡುವಿನ ರ‍್ಯಾಗ್ ಲೇಯರ್ (ಒಡೀಲಾರದ ಎಮಲ್ಶನ್ ಪದರ) ಎಷ್ಟು ದಪ್ಪ ಐತಿ ಕಣ್ಣಿಗೇ ಕಾಣತೈತಿ.

ಇಟಿಪಿ ಅಕ್ಕ

ನಾಲ್ಕು ಜನ ಮಾತಾಡಿದ್ರಿ, ಬ್ರೈನ್ ಕಪ್ಪು ಅಂತ ಮೊದಲ ಪೋಸ್ಟಲ್ಲೇ ಇದೆ, ಅದು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಒಬ್ರೂ ಕೇಳ್ಲಿಲ್ಲ. ನನ್ನ ಹತ್ರ, ಇಟಿಪಿಗೆ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಬರುತ್ತೆ. (ನಿಮ್ಮದಲ್ಲ, ನಮ್ಮ ಪ್ಲಾಂಟಿನದು. ಆದ್ರೆ ಎಲ್ಲಾ ಕಡೆ ಒಂದೇ ಕಥೆ.)

ರಿಫೈನರಿ ಹೊರಬಿಡೋ ನೀರಲ್ಲಿ ಎಣ್ಣೆ-ಗ್ರೀಸ್ ಲೀಟರಿಗೆ 5 ಮಿಲಿಗ್ರಾಂ ದಾಟಬಾರದು, 2008ರಿಂದ ಅದೇ ನಿಯಮ. ನೀವು ಇಂಟರ್‌ಫೇಸ್ ಕೆಳಗೆ ಇಳಿಸಿ ರ‍್ಯಾಗ್ ಲೇಯರನ್ನ ಡ್ರೈನಿಗೆ ಬಿಟ್ಟು ಆಂಪ್ಸ್ ಇಳೀತು ಅಂತ ಖುಷಿ ಪಡ್ತೀರಿ. ಆ ಎಣ್ಣೆ ಎಪಿಐ ಸೆಪರೇಟರಿನಲ್ಲಿ (ಎಣ್ಣೆ ತಾನಾಗಿ ತೇಲಿ ಬರೋ ತೊಟ್ಟಿ) ತೇಲೋದೇ ಇಲ್ಲ. ಕಣಗಳಿಗೆ ಎಣ್ಣೆ ಮೆತ್ತಿ ನೀರಿನಷ್ಟೇ ತೂಕ ಆಗಿರುತ್ತೆ, ಮೇಲಕ್ಕೂ ಬರಲ್ಲ, ಕೆಳಗೂ ಹೋಗಲ್ಲ. ನಿಮ್ಮದು ಎಣ್ಣೆಯೊಳಗೆ ನೀರು, ನನ್ನದು ನೀರೊಳಗೆ ಎಣ್ಣೆ, ಹಾಗಾಗಿ ನಿಮ್ಮ ಡೀಮಲ್ಸಿಫೈಯರ್ ನನಗೆ ಉಪಯೋಗ ಇಲ್ಲ. ನಾನು ಕ್ಯಾಟಯಾನಿಕ್ ಪಾಲಿಮರ್ ಹಾಕಬೇಕು, ಪಾಲಿಅಲ್ಯೂಮಿನಿಯಂ ಕ್ಲೋರೈಡ್ ಹಾಕಬೇಕು, ಗಾಳಿ ಗುಳ್ಳೆ ಬಿಟ್ಟು ತೇಲಿಸಬೇಕು. ಅದರ ಮುಂದೆ ಬ್ಯಾಕ್ಟೀರಿಯಾ ಇವೆ ಪಾಪ. ಬೆಂಜೀನ್, ಫಿನಾಲ್ ಜೊತೆಗೆ ನಿಮ್ಮ ಹೆಚ್ಚುವರಿ ಸರ್ಫ್ಯಾಕ್ಟೆಂಟೂ ಅವುಗಳ ತಲೆ ಮೇಲೇ.

ಸುಳ್ಯದವರೇ, ಒಂದು ನೇರ ಪ್ರಶ್ನೆ. ಎಪಿಐಯಿಂದ ಕೆನೆತೆಗೆದ ಸ್ಲಾಪ್ ಆಯಿಲ್ ನಿಮ್ಮಲ್ಲಿ ಎಲ್ಲಿ ಹೋಗುತ್ತೆ? ವಾಪಸ್ ಕ್ರೂಡ್ ಟ್ಯಾಂಕಿಗಾ?

ಬಾಟಲ್‌ಟೆಸ್ಟ್ ಅವರಿಗೂ ಒಂದು: ನಿಮ್ಮ ಮಿಶ್ರಣದಲ್ಲಿ ನೊನೈಲ್‌ಫಿನಾಲ್ ಇದೆಯಾ? ಯುರೋಪಿನಲ್ಲಿ 2003ರ ನಿರ್ದೇಶನದಿಂದಲೇ ನೊನೈಲ್‌ಫಿನಾಲ್ ಎಥಾಕ್ಸಿಲೇಟ್‌ಗೆ ಎಷ್ಟೋ ಬಳಕೆಗಳಲ್ಲಿ ನಿರ್ಬಂಧ ಇದೆ, ಜಲಚರಗಳ ಹಾರ್ಮೋನ್ ಕೆಡಿಸುತ್ತೆ ಅಂತ. ಡ್ರಮ್ಮಿನ ಮೇಲೆ ಬರೀ ಕೋಡ್ ನಂಬರ್ ಇರುತ್ತೆ, ಒಳಗೇನಿದೆ ಅಂತ ನಮಗೆ ಯಾರೂ ಹೇಳಲ್ಲ.

ಬಾಟಲ್‌ಟೆಸ್ಟ್

ಅಕ್ಕ, ನ್ಯಾಯವಾದ ಮಾತು. ನೊನೈಲ್‌ಫಿನಾಲ್ ರೆಸಿನ್ ಈ ಕಸುಬಿನಲ್ಲಿ ಹಳೇ ಕಾಲದಿಂದ ಬಂದದ್ದು, ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತೆ. ಬದಲಿ ಬೇರೆ ಆಲ್ಕೈಲ್‌ಫಿನಾಲ್ ಮೇಲೆ ಕಟ್ಟಿದವು ಇವೆ, ಫಿನಾಲ್ ಇಲ್ಲದವೂ ಇವೆ, ಬೆಲೆ ಹೆಚ್ಚು. ಗಿರಾಕಿ ಟೆಂಡರಿನಲ್ಲಿ ಕೇಳದಿದ್ದರೆ ಯಾರೂ ತಾವಾಗಿ ಬದಲಾಯಿಸಲ್ಲ. ಇದನ್ನ ಸಮರ್ಥನೆ ಅಂತ ಹೇಳ್ತಿಲ್ಲ, ನಡೀತಿರೋದು ಹೀಗೆ.

ಗದಗದ ಸರ್ ಹೇಳಿದ ಮಿಕ್ಸಿಂಗ್ ವಾಲ್ವ್ ಮಾತಿಗೆ ನನ್ನ ಒಪ್ಪಿಗೆ ಅರ್ಧ. ತೀರಾ ಕಮ್ಮಿ ಮಾಡಿದರೆ ಉಪ್ಪುನೀರಿನ ಹನಿಗೆ ವಾಶ್ ವಾಟರ್ ತಾಗೋದೇ ಇಲ್ಲ, ನೀರು ಚೆನ್ನಾಗಿ ಇಳಿಯುತ್ತೆ, ಉಪ್ಪು ಎಣ್ಣೆಯಲ್ಲೇ ಉಳಿಯುತ್ತೆ.

ಗದಗ ಎಕ್ಸ್‌ಪ್ರೆಸ್

ತೀರಾ ಕಮ್ಮಿ ಮಾಡು ಅಂತ ಯಾರ್ ಹೇಳ್ಯಾರ? 0.2 ಇಳಸು, ನಾಕ್ ತಾಸು ಕಾಯ್, ಉಪ್ಪು ನೋಡು, ಆಂಪ್ಸ್ ನೋಡು, ಮತ್ತ ಇಳಸು. ಒಮ್ಮಿಗೆ ಒಂದ ಬದಲಾವಣಿ. ಒಂದ ದಿನ ಮೂರು ನಾಬ್ ತಿರುವಿ ಸುಧಾರಿಸ್ತು ಅಂದ್ರ ಯಾವುದ್ರಿಂದ ಅಂತ ದೇವರಿಗೂ ಗೊತ್ತಾಗಂಗಿಲ್ಲ.

ಅಹ್ಮದಿ ಅಣ್ಣ

ಕುವೈತಿನಿಂದ. ನಮ್ಮದು ರಿಫೈನರಿಗಿಂತ ಮೇಲಿನ ಕೆಲಸ, ಬಾವಿಯಿಂದ ಬಂದ ಕೂಡಲೇ ಗ್ಯಾಸ್, ನೀರು, ಎಣ್ಣೆ ಬೇರೆ ಮಾಡುವ ಗ್ಯಾದರಿಂಗ್ ಸೆಂಟರ್. ಇಲ್ಲಿ ಡೀಮಲ್ಸಿಫೈಯರ್ ಬಾವಿ ಹತ್ತಿರವೇ ಬೀಳ್ತದೆ, ಪೈಪಿನಲ್ಲಿ ಬರುವಷ್ಟು ಹೊತ್ತು ಅದಕ್ಕೆ ಬೆರೆಯಲಿಕ್ಕೆ ಸಿಗ್ತದೆ. ರಿಫೈನರಿಯವರು ಎಷ್ಟೋ ಕಡೆ ಡೀಸಾಲ್ಟರಿನ ಬಾಗಿಲಲ್ಲೇ ಇಂಜೆಕ್ಟ್ ಮಾಡ್ತಾರೆ. ಕೆಲವೇ ಪಿಪಿಎಂ ಕೆಮಿಕಲ್ ಅಷ್ಟು ದೊಡ್ಡ ಹರಿವಿನಲ್ಲಿ ಹನಿಯ ಮೇಲ್ಮೈ ತನಕ ಹೋಗಿ ಮುಟ್ಟುವುದು ಯಾವಾಗ ಮಾರಾಯ್ರೆ? ಕ್ರೂಡ್ ಚಾರ್ಜ್ ಪಂಪಿನ ಸಕ್ಷನ್ನಿಗೆ ಕೊಡಿ. ಪಂಪೇ ಬೆರೆಸಿ ಕೊಡ್ತದೆ, ಪ್ರೀಹೀಟ್ ಉದ್ದಕ್ಕೂ ಸಮಯ ಸಿಗ್ತದೆ.

ಇನ್ನೊಂದು ವಿಷಯ. ಈಗ ಬಾವಿಯಲ್ಲಿ ಹಾಕುವ ಕೆಮಿಕಲ್‌ಗಳು ಕ್ರೂಡಿನ ಜೊತೆ ನಿಮ್ಮ ಮನೆಗೆ ಬರ್ತವೆ. ಹೈಡ್ರೋಜನ್ ಸಲ್ಫೈಡ್ ತೆಗೆಯಲಿಕ್ಕೆ ಟ್ರಯಜೀನ್ ಹಾಕಿದ ಕ್ರೂಡಾದ್ರೆ ಅಮೀನ್ ಬರ್ತದೆ, ಅದು ಪಿಎಚ್ ಏರಿಸ್ತದೆ, ಕಾಲಮ್ಮಿನ ತುದಿಯಲ್ಲಿ ಕ್ಲೋರೈಡ್ ಜೊತೆ ಸೇರಿ ಉಪ್ಪಾಗಿ ಕೂರ್ತದೆ. ಪಾಲಿಮರ್ ಫ್ಲಡ್ಡಿಂಗ್ (ಎಣ್ಣೆ ತಳ್ಳಲಿಕ್ಕೆ ಪಾಲಿಮರ್ ಬೆರೆಸಿದ ನೀರು ನೆಲದೊಳಗೆ ಬಿಡುವುದು) ಮಾಡುವ ಫೀಲ್ಡಿನಲ್ಲಿ ಪಾಲಿಅಕ್ರಿಲಮೈಡ್ ವಾಪಸ್ ಬರ್ತದೆ. ನಮ್ಮ ದೇಶದಲ್ಲೇ ರಾಜಸ್ಥಾನದ ಬಾಡ್ಮೇರ್ ಹತ್ತಿರದ ಮಂಗಳಾದಲ್ಲಿ ಪಾಲಿಮರ್ ಹಾಕ್ತಾರೆ. ಅದು ಮೊದಲೇ ಮೇಣ ತುಂಬಿದ ಎಣ್ಣೆ, ಪೈಪ್‌ಲೈನನ್ನು ಗುಜರಾತಿನ ತನಕ ಬಿಸಿ ಇಟ್ಟೇ ಸಾಗಿಸ್ಬೇಕು.

ನಿಮ್ಮ ವಾಶ್ ವಾಟರ್ ಎಲ್ಲಿಂದ? ಪಿಎಚ್ ಎಷ್ಟು?

ಸುಳ್ಯದವ

ವಾಶ್ ವಾಟರ್ ಪೂರ್ತಿ ಸ್ಟ್ರಿಪ್ಡ್ ಸವರ್ ವಾಟರ್ (ರಿಫೈನರಿಯದ್ದೇ ಕೊಳಕು ನೀರು, ಸ್ಟ್ರಿಪ್ಪರಿನಲ್ಲಿ ಸ್ಟೀಮ್ ಕೊಟ್ಟು ಅಮೋನಿಯಾ, ಹೈಡ್ರೋಜನ್ ಸಲ್ಫೈಡ್ ತೆಗೆದದ್ದು). ಪಿಎಚ್ ಲ್ಯಾಬಿನಲ್ಲಿ ಕೇಳಿದೆ, 9.2 ಅಂದ್ರು. ಸ್ಟ್ರಿಪ್ಪರ್ ಸರಿ ಓಡ್ತಾ ಇಲ್ಲ, ಅಮೋನಿಯಾ ಉಳಿತಾ ಉಂಟು.

ಇಟಿಪಿ ಅಕ್ಕ, ಸ್ಲಾಪ್ ಬಗ್ಗೆ ಆಫ್‌ಸೈಟ್ ಕಡೆ ವಿಚಾರಿಸಿದೆ. ಹೌದು, ಕ್ರೂಡ್ ಟ್ಯಾಂಕಿಗೇ ಹೋಗುದು. ಈ ತಿಂಗಳು ಸ್ಲಾಪ್ ಟ್ಯಾಂಕ್ ತುಂಬಿದ್ದಕ್ಕೆ ಹೆಚ್ಚೇ ಹೋಗಿದೆ.

ಬಾಟಲ್ ಟೆಸ್ಟ್ ಆಗಿದೆ ಅಂತಾರೆ, ಆದ್ರೆ ಸ್ಯಾಂಪಲ್ ಅವರ ಲ್ಯಾಬಿಗೆ ಕಳಿಸಿ ಮಾಡಿದ್ದಂತೆ.

ರಸಾಯನ ಮೇಷ್ಟ್ರು

9.2! ಇನ್ನೇನು ಬೇಕು. ನ್ಯಾಫ್ತೆನಿಕ್ ಆಮ್ಲವಿರುವ ಕ್ರೂಡಿಗೆ ಕ್ಷಾರದ ನೀರು ಹಾಕಿ ಬಿಸಿ ಮಾಡಿ ಜೋರಾಗಿ ಬೆರೆಸಿದರೆ ಆಗುವುದು ಸಾಬೂನು. ನ್ಯಾಫ್ತೆನೇಟ್ ಸಾಬೂನು ಒಳ್ಳೆಯ ಎಮಲ್ಸಿಫೈಯರ್. ನೀವು ಒಂದು ನಳದಿಂದ ಎಮಲ್ಶನ್ ಒಡೆಯುವ ವಸ್ತು ಹಾಕುತ್ತಿದ್ದೀರಿ, ಇನ್ನೊಂದು ನಳದಿಂದ ಕಟ್ಟುವ ವಸ್ತು. ಜೊತೆಗೆ ಪಿಎಚ್ 8 ದಾಟಿದಾಗ ಅಮೋನಿಯಾ ಅಯಾನಾಗದೆ ಉಳಿದು ಎಣ್ಣೆಗೆ ಹೋಗುತ್ತದೆ, ಮುಂದೆ ಕಾಲಮ್ಮಿನ ತುದಿಯಲ್ಲಿ ಅಮೋನಿಯಂ ಕ್ಲೋರೈಡ್. 6ರಿಂದ 7ರ ನಡುವೆ ತನ್ನಿ.

ಬಾಟಲ್‌ಟೆಸ್ಟ್

ಸ್ಯಾಂಪಲ್ ಹೊರಗೆ ಕಳಿಸಿದ್ದು ನನಗೆ ಹಿಡಿಸಲಿಲ್ಲ. ಕ್ಯಾನಿನಲ್ಲಿ ಕೂತ ಎಮಲ್ಶನ್ ಹಳೇದಾಗುತ್ತೆ, ಪೊರೆ ಗಟ್ಟಿಯಾಗುತ್ತೆ, ಹಗುರ ಅಂಶ ಹಾರಿಹೋಗುತ್ತೆ. ಅದರ ಮೇಲೆ ಆರಿಸಿದ ಕೆಮಿಕಲ್ ನಿಮ್ಮ ಡೀಸಾಲ್ಟರಿಗೆ ಹೊಂದೋದು ಅದೃಷ್ಟ ಇದ್ದರೆ. ಸೈಟ್‌ನಲ್ಲೇ ತಾಜಾ ಕ್ರೂಡ್ ಹಿಡಿದು, ನಿಮ್ಮದೇ ವಾಶ್ ವಾಟರ್ ಬೆರೆಸಿ (ಡಿಸ್ಟಿಲ್ಡ್ ವಾಟರ್ ಅಲ್ಲ, ಇದನ್ನ ತಪ್ಪು ಮಾಡೋರು ಬಹಳ), ಬಿಸಿ ಸ್ನಾನದಲ್ಲಿಟ್ಟು, ವಿದ್ಯುತ್ ಕ್ಷೇತ್ರ ಕೊಡೋ ಚಿಕ್ಕ ಸೆಲ್‌ನಲ್ಲಿ ನೋಡಬೇಕು. ಎಷ್ಟು ನೀರು ಇಳೀತು ಅನ್ನೋದೊಂದೇ ನೋಡಿದರೆ ಸಾಲದು. ಎಷ್ಟು ಬೇಗ ಇಳೀತು, ನಡುವೆ ಕೊಳೆ ಪದರ ಉಳೀತಾ, ನೀರು ತಿಳಿಯಾ ಕಪ್ಪಾ, ಮೇಲಿನ ಎಣ್ಣೆಯನ್ನ ಸೆಂಟ್ರಿಫ್ಯೂಜ್ ಮಾಡಿದರೆ ಇನ್ನೆಷ್ಟು ನೀರಿದೆ, ಎಲ್ಲಾ ಬರೀಬೇಕು. ಒಂದೇ ಡೋಸ್ ಅಲ್ಲದೆ ಕಮ್ಮಿಯಿಂದ ಹೆಚ್ಚಿನ ತನಕ ಸಾಲಾಗಿ. ಗ್ರಾಫ್ ಎಲ್ಲಿ ಮಗುಚುತ್ತೆ ಅಂತ ಕಾಣಿಸುತ್ತೆ.

ಇನ್ನು ನಿಮ್ಮ ಬ್ಲೆಂಡ್. ಹೆವಿ ಕ್ರೂಡಿನ ಅಸ್ಫಾಲ್ಟೀನ್ ಅದರದ್ದೇ ರೆಸಿನ್, ಆರೊಮ್ಯಾಟಿಕ್ ಆಸರೆಯಲ್ಲಿ ತೇಲ್ತಿರುತ್ತೆ. ಅದಕ್ಕೆ ಪ್ಯಾರಾಫಿನಿಕ್ ಲೈಟ್ ಕ್ರೂಡ್ ಸುರಿದರೆ ಆಸರೆ ತಪ್ಪಿ ಹೊರಗೆ ಬೀಳುತ್ತೆ. ಬಿದ್ದದ್ದು ನೇರವಾಗಿ ಹನಿಗಳ ಮೇಲೆ. ಅಮೆರಿಕದಲ್ಲಿ ಶೇಲ್ ಆಯಿಲ್ ಬಂದ ಮೇಲೆ ಅದನ್ನ ಕೆನಡಾದ ಹೆವಿ ಜೊತೆ ಬೆರೆಸಿದ ರಿಫೈನರಿಗಳು ಅನುಭವಿಸಿದ್ದು ಇದನ್ನೇ. ಎರಡೂ ಬಿಡಿಬಿಡಿಯಾಗಿ ಸಾಧು, ಸೇರಿಸಿದರೆ ರಂಪ. ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಹಾಕಿ ಸ್ಪಾಟ್ ಟೆಸ್ಟ್ ಮಾಡಿ, ಒಳಗೆ ಕಪ್ಪು ಉಂಗುರ ಮೂಡಿದರೆ ಬ್ಲೆಂಡ್ ಪ್ರಮಾಣವೇ ಬದಲಾಗಬೇಕು. ಅದನ್ನ ನಿಮ್ಮ ಪ್ಲಾನಿಂಗ್‌ನವರಿಗೆ ಹೇಳೋ ಧೈರ್ಯ ಬೇಕು ಅಷ್ಟೆ.

ಲೆಕ್ಕಪತ್ರ

ಸುಮ್ನಿರ್ತೀನಿ ಅಂದಿದ್ದೆ, ಆಗ್ತಿಲ್ಲ. ಡೋಸ್ ಏರಿದರೆ ಲಾಭ ಸಪ್ಲೈ ಮಾಡೋರಿಗೆ ತಾನೆ? ವರ್ಷಕ್ಕೆ 1.5 ಕೋಟಿ ಟನ್ ಕ್ರೂಡಿಗೆ 1 ಪಿಪಿಎಂ ಅಂದ್ರೆ 15 ಟನ್ ಕೆಮಿಕಲ್. 5ರಿಂದ 12ಕ್ಕೆ ಹೋದರೆ 75 ಟನ್ ಇದ್ದದ್ದು 180 ಟನ್. ಇದು ಎಮಲ್ಶನ್ ಸಮಸ್ಯೆಯೋ ಕಾಂಟ್ರಾಕ್ಟ್ ಸಮಸ್ಯೆಯೋ?

ಬಾಟಲ್‌ಟೆಸ್ಟ್

ಕಾಮರ್ಸ್‌ನವರು ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಕಿಲೋ ಲೆಕ್ಕದಲ್ಲಿ ಮಾರಿದರೆ ಹಾಗಾಗುತ್ತೆ. ಸಂಸ್ಕರಿಸಿದ ಕ್ರೂಡಿನ ಲೆಕ್ಕದಲ್ಲಿ ದರ ಇಟ್ಟು, ಹೊರಹೋಗೋ ಉಪ್ಪು ಮತ್ತು ನೀರಿಗೆ ಮಿತಿ ಹಾಕೋ ಕಾಂಟ್ರಾಕ್ಟೂ ಇವೆ. ಆದರೆ ಅಲ್ಲೂ ಬ್ರೈನಿನ ಎಣ್ಣೆಗೆ ಮಿತಿ ಹಾಕದಿದ್ದರೆ ಸಪ್ಲೈ ಮಾಡೋನು ಎಣ್ಣೆ ಚೊಕ್ಕ ಮಾಡಿ ಕೊಳೆಯನ್ನೆಲ್ಲ ಅಕ್ಕನ ಕಡೆ ತಳ್ತಾನೆ.

ಇಟಿಪಿ ಅಕ್ಕ

ಈ ಕೊನೇ ಸಾಲನ್ನ ಪ್ರಿಂಟ್ ತೆಗೆದು ನಮ್ಮ ಪರ್ಚೇಸ್ ಸೆಕ್ಷನ್ ಗೋಡೆಗೆ ಅಂಟಿಸ್ತೀನಿ.

ಸ್ಲಾಪ್ ಬಗ್ಗೆ: ಅದು ಈಗಾಗಲೇ ಒಂದ್ಸಲ ಒಡೆಯದೆ ಉಳಿದ ಎಮಲ್ಶನ್. ಅದರಲ್ಲಿ ನನ್ನ ಪಾಲಿಮರ್, ಕಣಗಳು, ಹಳೇ ಸರ್ಫ್ಯಾಕ್ಟೆಂಟ್ ಎಲ್ಲಾ ಇದೆ. ಅದನ್ನೇ ತಿರುಗಿ ಕ್ರೂಡಿಗೆ ಹಾಕಿದರೆ ಸುತ್ತು ಹೊಡೀತಾನೇ ಇರುತ್ತೆ. ಬೇರೆ ಟ್ಯಾಂಕಿನಲ್ಲಿ ಬಿಸಿ ಮಾಡಿ, ಅಲ್ಲೇ ಒಡೆದು, ನೀರು ಬಸಿದು ಆಮೇಲೆ ತೆಳು ಧಾರೆಯಲ್ಲಿ ಕೊಡಿ. ಸಾಧ್ಯ ಇದ್ದರೆ ಭಾರದ ಎಣ್ಣೆ ಒಡೆಯೋ ಕೋಕರ್‌ಗೆ ಕಳಿಸಿ, ಡೀಸಾಲ್ಟರ್ ದಾರಿಗೇ ಬೇಡ.

ಗದಗ ಎಕ್ಸ್‌ಪ್ರೆಸ್

ಇತಿಹಾಸದ ಒಂದ್ ಮಾತು ನಡುವ. ಕ್ಯಾಲಿಫೋರ್ನಿಯಾದಾಗ ಕಾಟ್ರೆಲ್ ಅಂತ ಒಬ್ಬಾವ ಇದ್ದ, ಚಿಮಣಿ ಹೊಗಿಯಾಗಿನ ಬೂದಿ ವಿದ್ಯುತ್ತಿಲೆ ಹಿಡಿಯೂ ಯಂತ್ರ ಮಾಡಿದಂವ. ಅಂವನ 1911ರಾಗ ಹೈ ವೋಲ್ಟೇಜ್ ಕೊಟ್ಟು ಕ್ರೂಡಿನಾಗಿನ ನೀರು ತಗಿಯೂದಕ್ಕ ಪೇಟೆಂಟ್ ಪಡದ. ಅದೇ ಹೊತ್ತಿಗೆ ಸೇಂಟ್ ಲೂಯಿಸ್ ಕಡೆ ಬಾರ್ನಿಕೆಲ್ ಅಂತ ಒಬ್ಬ ಕೆಮಿಸ್ಟ್ ಹೊಲಸು ಎಣ್ಣಿ ಅಂತ ಬಿಟ್ಟದ್ದನ್ನ ಕೆಮಿಕಲ್ ಹಾಕಿ ಒಡಿಯೂದು ಕಂಡುಹಿಡದ, 1914ರಾಗ ಪೇಟೆಂಟ್. ಅಂವನ ಟ್ರೆಟೊಲೈಟ್ ಕಂಪನಿ ಮುಂದ ಪೆಟ್ರೊಲೈಟ್ ಆತು. ನೂರು ವರ್ಷ ಆದ್ರೂ ನಾವು ಕೆಮಿಕಲ್ಲೋ ಕರೆಂಟೋ ಅಂತ ಜಗಳಾಡಾಕತ್ತೇವಿ. ಎರಡೂ ಬೇಕು. ಕೆಮಿಕಲ್ ಪೊರಿ ಸಡಲಸತೈತಿ, ಕರೆಂಟ್ ಹನಿ ಎಳದು ಕೂಡಸತೈತಿ, ಇಳಸೂದು ಮಾತ್ರ ಭೂಮಿ ಸೆಳೆತ.

ಅಹ್ಮದಿ ಅಣ್ಣ

ಡೀಸಾಲ್ಟರಿನಿಂದ ಆಗದ್ದೂ ಒಂದುಂಟು. 2019ರ ಏಪ್ರಿಲಿನಲ್ಲಿ ರಷ್ಯಾದಿಂದ ಯುರೋಪಿಗೆ ಹೋಗುವ ದ್ರುಜ್ಬಾ ಪೈಪ್‌ಲೈನಿನಲ್ಲಿ ಆರ್ಗ್ಯಾನಿಕ್ ಕ್ಲೋರೈಡ್ ಬೆರೆತು ದೊಡ್ಡ ಗಲಾಟೆ ಆಯ್ತು. ಮಿತಿ 10 ಪಿಪಿಎಂ, ಬಂದದ್ದು ನೂರರ ಮೇಲೆ. ಅದು ಎಣ್ಣೆಯಲ್ಲೇ ಕರಗಿರುವಂಥದ್ದು, ನೀರಿಗೆ ಬರುವುದೇ ಇಲ್ಲ. ಎಷ್ಟು ತೊಳೆದರೂ, ಯಾವ ಕೆಮಿಕಲ್ ಹಾಕಿದರೂ ಡೀಸಾಲ್ಟರ್ ದಾಟಿ ಹೋಗ್ತದೆ. ಹಾಗಾಗಿ ಸುಳ್ಯದವರೇ, ಕಾಲಮ್ಮಿನ ತುದಿಯ ನೀರಿನಲ್ಲಿ ಕ್ಲೋರೈಡ್ ಇಳಿಯದಿದ್ರೆ ಉಪ್ಪಿನ ಲೆಕ್ಕ ಮಾತ್ರ ನೋಡ್ತಾ ಕೂರಬೇಡಿ.

ಸುಳ್ಯದವ

ಅಪ್‌ಡೇಟ್. ಗದಗದವರು ಹೇಳಿದ ಹಾಗೆ ಒಂದೊಂದೇ ಮಾಡಿದೆವು.

ಟ್ರೈಲೈನ್ ತೆಗೆದಾಗ ನಡುವಿನ ಎರಡೂ ಲೈನಿನಲ್ಲಿ ಚಾಕಲೇಟ್ ಬಣ್ಣದ ದಪ್ಪ ಎಮಲ್ಶನ್, ಟ್ರಾನ್ಸ್‌ಮಿಟರ್ ಅದನ್ನು ನೀರು ಅಂತ ತೋರಿಸ್ತಾ ಇತ್ತು. ಸ್ಲಾಪ್ ನಿಲ್ಲಿಸಿದ್ರು, ಜಗಳ ಆಯ್ತು, ಆದ್ರೂ ನಿಲ್ಲಿಸಿದ್ರು. ವಾಶ್ ವಾಟರಿಗೆ ಅರ್ಧದಷ್ಟು ಡಿಎಂ (ಖನಿಜ ತೆಗೆದ) ವಾಟರ್ ಸೇರಿಸಿ, ಸ್ಟ್ರಿಪ್ಪರ್ ಸ್ಟೀಮ್ ಹೆಚ್ಚು ಮಾಡಿ ಪಿಎಚ್ 7.4ಕ್ಕೆ ಬಂತು. ಟೆಂಪರೇಚರ್ 131. ವಾಲ್ವ್ 0.9 ಬಾರ್. ಡೋಸ್ 7ಕ್ಕೆ ಇಳಿಸಿದೆವು, ಸಪ್ಲೈಯವರು ಮುಖ ಊದಿಸಿಕೊಂಡೇ ಒಪ್ಪಿದ್ದು. ಈಗ ಆಂಪ್ಸ್ ಸ್ಥಿರ, ಉಪ್ಪು 1.8. ಬ್ರೈನ್ ಇನ್ನೂ ಪೂರ್ತಿ ತಿಳಿ ಆಗ್ಲಿಲ್ಲ. ಸ್ಪಾಟ್ ಟೆಸ್ಟಿನಲ್ಲಿ ಉಂಗುರ ಬಂತು, ಪ್ಲಾನಿಂಗಿಗೆ ಫೋಟೋ ಕಳಿಸಿದ್ದೇನೆ, ಉತ್ತರ ಇಲ್ಲ.

ಪಿಎಚ್ 6.5ಕ್ಕೆ ತರಲಿಕ್ಕೆ ಆಮ್ಲ ಹಾಕ್ಬಹುದಾ?

ರಸಾಯನ ಮೇಷ್ಟ್ರು

ಹಾಕುತ್ತಾರೆ. ಆಫ್ರಿಕಾದ ಚಾಡ್ ದೇಶದ ಡೋಬಾದಂಥ ಕ್ಯಾಲ್ಸಿಯಂ ನ್ಯಾಫ್ತೆನೇಟ್ ಹೆಚ್ಚಿರುವ ಕ್ರೂಡುಗಳಿಗೆ ಸಿಟ್ರಿಕ್, ಗ್ಲೈಕಾಲಿಕ್ ಮುಂತಾದ ಆಮ್ಲಗಳನ್ನು ವಾಶ್ ವಾಟರಿಗೆ ಕೊಟ್ಟು ಕ್ಯಾಲ್ಸಿಯಮ್ಮನ್ನು ನೀರಿಗೆ ಎಳೆಯುವ ಪದ್ಧತಿಯೇ ಇದೆ. ಆದರೆ ನಿಮ್ಮ ವಾಶ್ ವಾಟರ್ ಪೈಪು, ಎಕ್ಸ್‌ಚೇಂಜರ್ ಕಾರ್ಬನ್ ಸ್ಟೀಲ್ ಆಗಿರುತ್ತದೆ. ಇಂಜೆಕ್ಷನ್ ಬಿಂದು ಸರಿಯಿಲ್ಲದಿದ್ದರೆ ಅಲ್ಲಿಯೇ ತೂತು ಬೀಳುತ್ತದೆ. ಅಸಿಟಿಕ್ ಆಮ್ಲವಾದರೆ ಸ್ವಲ್ಪ ಎಣ್ಣೆಗೂ ಹೋಗಿ ಕಾಲಮ್ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. 0.9 ಪಿಎಚ್‌ಗಾಗಿ ಇಷ್ಟೆಲ್ಲ ಬೇಡ, ಮೊದಲು ಸ್ಟ್ರಿಪ್ಪರ್ ರಿಪೇರಿ ಮಾಡಿಸಿ.

ಗದಗ ಎಕ್ಸ್‌ಪ್ರೆಸ್

ಮತ್ತ ಮಡ್ ವಾಶ್ ಯಾವಾಗ ಮಾಡೀರಿ? ತಳದಾಗ ಕೆಸರು ತುಂಬಿದ್ರ ನೀರಿಗೆ ನಿಲ್ಲಾಕ ಜಾಗಾ ಇರಂಗಿಲ್ಲ, ಬ್ರೈನ್ ಕಪ್ಪಾಗಿ ಬರೂದು ಅದಕ್ಕೂ ಇರಬೇಕು.

ಇಟಿಪಿ ಅಕ್ಕ

ಮಾಡೋ ಮುಂಚೆ ಇಟಿಪಿಗೆ ಒಂದು ಫೋನ್ ಮಾಡಿ. ರಾತ್ರಿ ಪಾಳಿಯಲ್ಲಿ ಹೇಳದೆ ಬಿಡಬೇಡಿ. ಒಂದೇ ಸಲ ಪೂರ್ತಿ ಬೇಡ, ಒಂದೊಂದೇ ಹೆಡರ್, ಸ್ವಲ್ಪ ಸ್ವಲ್ಪ ಹೊತ್ತು.

ಸುಳ್ಯದವ

ಮಡ್ ವಾಶ್ ಪಂಪ್ ಮೆಂಟೆನೆನ್ಸಿನಲ್ಲಿ ಉಂಟು, ಸೋಮವಾರ ಬರ್ತದಂತೆ. ಮುಂದಿನ ಕಾರ್ಗೋ ಅದೇ ವಾರ, ಹೆವಿ ಪಾಲು ಇನ್ನೂ ಹೆಚ್ಚು ಅಂತ ಸುದ್ದಿ. ಬಾಟಲ್‌ಟೆಸ್ಟ್ ಅವರೇ, ಸೈಟಿನಲ್ಲಿ ಮಾಡುವ ಟೆಸ್ಟಿಗೆ ನೀರಿನ ಪ್ರಮಾಣ, ಬಿಸಿ, ಹೊತ್ತು ಎಲ್ಲಾ ಎಷ್ಟೆಷ್ಟು ಇಡ್ಬೇಕು ಅಂತ ಇಲ್ಲೇ ಬರೆದು ಹಾಕ್ತೀರಾ? ಸಪ್ಲೈಯವರ ಎದುರು ನಾನೇ ನಿಂತು ಮಾಡಿಸ್ತೇನೆ.

ಬಾಟಲ್‌ಟೆಸ್ಟ್

ವಾಶ್ ವಾಟರ್ ನೀವು ಓಡಿಸೋ ಪ್ರಮಾಣವೇ, 5%. ಗಾಜಿನ ಟ್ಯೂಬಿನಲ್ಲಿ 131 ಡಿಗ್ರಿ ಆಗಲ್ಲ, ನೀರು ಕುದಿಯುತ್ತೆ, 80-90ರ ಬಿಸಿ ಸ್ನಾನ ಇಡಿ. ಒತ್ತಡ ತಡೆಯೋ ಸೆಲ್ ಇದ್ದರೆ ಮಾತ್ರ ನಿಜವಾದ ಟೆಂಪರೇಚರ್. ಬೆರೆಸೋ ವೇಗ ಎಲ್ಲಾ ಟ್ಯೂಬಿಗೂ ಒಂದೇ ಇರಲಿ. ಡೋಸ್ 3, 5, 7, 9, 12, ಜೊತೆಗೆ ಕೆಮಿಕಲ್ಲೇ ಇಲ್ಲದ ಒಂದು ಟ್ಯೂಬ್, ಅದನ್ನ ಅವರು ಬಿಟ್ಟುಬಿಡೋಕೆ ನೋಡ್ತಾರೆ, ಬಿಡಬೇಡಿ. 5, 10, 20, 30 ನಿಮಿಷಕ್ಕೆ ನೀರಿನ ಮಟ್ಟ ಬರೆದು ಫೋಟೋ ಸಮೇತ ಇಲ್ಲಿ ಹಾಕಿ.